ಅಂಗಡಿ ಮಾರಿ ಸಾಲ ತೀರಿಸುವುದು ಹೇಗೆ: ಒಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರಿಗೆ ಸಮಗ್ರ ಮಾರ್ಗದರ್ಶಿ

ಅಂಗಡಿ ಮಾರಿದ ದಿನ ಸಾಲ ತಾನಾಗೇ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬಾ ಜನ ಇಲ್ಲೇ ಎಡವುತ್ತಾರೆ. ಒಬ್ಬರೇ ಮಾಲೀಕರಾಗಿರುವ ಸಣ್ಣ ವ್ಯಾಪಾರದಲ್ಲಿ ಅಂಗಡಿ ಬೇರೆ, ನೀವು ಬೇರೆ ಅಂತ ಕಾನೂನು ನೋಡುವುದಿಲ್ಲ. ಅಂಗಡಿಯ ಸಾಲ ಅಂದರೆ ನಿಮ್ಮ ಸಾಲ. ಬೋರ್ಡು, ಫ್ರಿಜ್ಜು, ಗಿರಾಕಿಗಳು ಎಲ್ಲ ಬೇರೆಯವರ ಪಾಲಾದರೂ ಕಂತು ಕೇಳುವ ಫೋನು ನಿಮಗೇ ಬರುತ್ತದೆ. ಹಾಗಾಗಿ ಎಷ್ಟಕ್ಕೆ ಮಾರಿದಿರಿ ಅನ್ನುವುದಕ್ಕಿಂತ, ಬಂದ ದುಡ್ಡು ಯಾರಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಮುಖ್ಯ. ಅದು ಮಾರುವ ಮೊದಲೇ ತೀರ್ಮಾನ ಆಗಿರಬೇಕು.

ಸಣ್ಣ ಅಂಗಡಿಗಳ ಲೆಕ್ಕ ಬರೆಯುವ ಕೆಲಸ ನನ್ನದು. ಗಂಡ ತೀರಿಕೊಂಡವರು, ಡಿವೋರ್ಸ್ ಆದವರು, ಹೆಂಡತಿ ಇಲ್ಲದೆ ಮಕ್ಕಳನ್ನು ಸಾಕುವ ಗಂಡಸರು, ಎಲ್ಲರ ಲೆಕ್ಕದ ಪುಸ್ತಕಗಳೂ ಕೈಗೆ ಬರುತ್ತವೆ. ಕೆಳಗಿನ ಕ್ರಮ ಯಾರಿಗಾದರೂ ಹೊಂದುತ್ತದೆ. ಉದಾಹರಣೆಗೆ ಮಾತ್ರ ಒಬ್ಬ ತಾಯಿಯನ್ನು ಇಟ್ಟುಕೊಳ್ಳುತ್ತೇನೆ. ಮೈಸೂರಿನ ಯಾವುದೋ ಬಡಾವಣೆಯಲ್ಲಿ ಬಾಡಿಗೆ ಮಳಿಗೆ. ಚಕ್ಕುಲಿ, ಕೋಡುಬಳೆ, ಸಾರಿನ ಪುಡಿ ಮಾಡಿ ಮಾರುವ ಕಾಂಡಿಮೆಂಟ್ಸ್. ಇಬ್ಬರು ಕೆಲಸದವರು. ಮನೆಯಲ್ಲಿ ಎರಡು ಮಕ್ಕಳು.

ಹಂತ 1: ಸಾಲದ ಪೂರ್ತಿ ಪಟ್ಟಿ

ಒಂದು ನೋಟ್‌ಬುಕ್ ತಗೊಳ್ಳಿ. ಪ್ರತಿ ಸಾಲಕ್ಕೂ ಬರೆಯಬೇಕಾದದ್ದು ಇಷ್ಟು: ಯಾರಿಗೆ ಕೊಡಬೇಕು, ಅಸಲು ಎಷ್ಟು ಬಾಕಿ, ಬಡ್ಡಿ ಎಷ್ಟು, ತಿಂಗಳ ಕಂತು ಎಷ್ಟು, ಏನನ್ನು ಅಡ ಇಟ್ಟಿದ್ದೀರಿ, ಜಾಮೀನು ಯಾರು, ಮತ್ತು ನಿಮ್ಮ ಯಾವ ಕಾಗದ ಅವರ ಹತ್ತಿರ ಇದೆ. ಕೊನೆಯದನ್ನು ಮರೆಯಬೇಡಿ. ಕೈಸಾಲ ಕೊಡುವವರು ಸಹಿ ಹಾಕಿದ ಖಾಲಿ ಚೆಕ್ಕು, ಪ್ರೋನೋಟು, ಬಾಂಡ್ ಪೇಪರ್ ಇಸಿದುಕೊಂಡಿರುತ್ತಾರೆ. ಯಾವ ಬ್ಯಾಂಕಿನ ಯಾವ ನಂಬರಿನ ಚೆಕ್ಕು ಅಂತ ಚೆಕ್‌ಬುಕ್ಕಿನ ಹಳೇ ಹಾಳೆ ನೋಡಿ ಬರೆದುಕೊಳ್ಳಿ.

ನಮ್ಮ ಉದಾಹರಣೆಯ ಪಟ್ಟಿ ಹೀಗಿದೆ ಅಂದುಕೊಳ್ಳೋಣ:

- ಮುದ್ರಾ ಸಾಲ ಬಾಕಿ 2,80,000, ಕಂತು 9,500
- ಒಡವೆ ಸಾಲ 1,20,000, ಬಡ್ಡಿ ತಿಂಗಳಿಗೆ ಸುಮಾರು 1,200
- ಮಹಿಳಾ ಗುಂಪಿನ ಮೈಕ್ರೋಫೈನಾನ್ಸ್ ಸಾಲ 45,000, ಕಂತು 3,200
- ಎತ್ತಿಕೊಂಡ ಚೀಟಿ, ಇನ್ನು 8 ಕಂತು, ತಲಾ 10,000, ಒಟ್ಟು 80,000
- ಕೈಸಾಲ 1,50,000, ನೂರಕ್ಕೆ 3 ರೂಪಾಯಿ ಬಡ್ಡಿ, ತಿಂಗಳಿಗೆ 4,500
- ಹೋಲ್‌ಸೇಲ್ ಅಂಗಡಿಗಳ ಬಾಕಿ 60,000

ಒಟ್ಟು 7,35,000. ತಿಂಗಳಿಗೆ ಕಟ್ಟಬೇಕಾದದ್ದು 28,400.

ಚೀಟಿಯನ್ನು ಸಾಲ ಅಂತ ಬರೆಯದವರೇ ಜಾಸ್ತಿ. ಎತ್ತಿಕೊಂಡ ಮೇಲೆ ಅದು ಸಾಲವೇ, ಅಲ್ವಾ? ಹಾಗೇ ಅಣ್ಣನ ಹತ್ತಿರ, ಅತ್ತಿಗೆಯ ಹತ್ತಿರ ಇಸಿದುಕೊಂಡದ್ದನ್ನೂ ಬರೆಯಿರಿ. ಅವರು ಕೇಳುತ್ತಿಲ್ಲ ಅಂದ ಮಾತ್ರಕ್ಕೆ ಪಟ್ಟಿಯಿಂದ ಹೊರಗಿಡಬೇಡಿ.

ಪಟ್ಟಿ ಮುಗಿದ ಮೇಲೆ ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದರೆ ನಿಮ್ಮ ಹೆಸರಲ್ಲಿರುವ ಸಾಲಗಳ ವರದಿ, ತೆಗೆಸಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ನಾಲ್ಕೂ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೆ ಒಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಗಂಡ ಅಥವಾ ಮಾಜಿ ಗಂಡನ ಸಾಲಕ್ಕೆ ಹಿಂದೆ ಎಂದೋ ಹಾಕಿದ ಜಾಮೀನು ಸಹಿ ಇಲ್ಲಿ ಕಾಣಿಸಿಕೊಳ್ಳುತ್ತದೆ. ಕೊನೆ ಗಳಿಗೆಯಲ್ಲಿ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗಲಿ.

ಹಂತ 2: ಮಾರಲೇಬೇಕಾ?

ಅಂಗಡಿಯ ತಿಂಗಳ ಲೆಕ್ಕ: ವ್ಯಾಪಾರ 1,80,000. ಸಾಮಾನು 1,12,000, ಬಾಡಿಗೆ 14,000, ಇಬ್ಬರ ಸಂಬಳ 24,000, ಕರೆಂಟು ಮತ್ತು ಗ್ಯಾಸ್ 6,000, ಚಿಲ್ಲರೆ ಖರ್ಚು 3,000. ಉಳಿಯುವುದು 21,000.

ಅಂದರೆ ಅಂಗಡಿ ನಷ್ಟದಲ್ಲಿಲ್ಲ. ಆದರೆ 21,000 ಉಳಿಯುವ ಕಡೆ 28,400 ಕಟ್ಟಬೇಕು. ಮನೆ ಖರ್ಚು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಇಂಥ ಅಂಗಡಿ ಮಾರುವ ಮೊದಲು ಮೂರು ವಿಷಯ ನೋಡಿ.

ಒಂದು, ಒಡವೆ. 2024, 2025ರಲ್ಲಿ ಚಿನ್ನದ ಬೆಲೆ ಭಾರೀ ಏರಿತು. ಅದಕ್ಕೆ ಮುಂಚೆ ಅಡ ಇಟ್ಟ ಒಡವೆಗೆ ಈಗ ಏನು ಬೆಲೆ ಅಂತ ತೂಕದ ಲೆಕ್ಕ ಹಾಕಿಸಿ. ಎರಡು ಬಳೆ ಮಾರಿದರೆ ಒಡವೆ ಸಾಲವೂ ತೀರಿ ಇನ್ನೊಂದು ಸಾಲಕ್ಕೂ ಸ್ವಲ್ಪ ಸಿಗಬಹುದು. ಹರಾಜಿಗೆ ಬಿಡುವುದಕ್ಕಿಂತ ನೀವೇ ಬಿಡಿಸಿ ಮಾರುವುದು ಯಾವಾಗಲೂ ಮೇಲು. ಎರಡು, ಮುದ್ರಾ ಸಾಲದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಅಂತ ಬ್ಯಾಂಕಿಗೆ ಬರೆದು ಕೇಳುವುದು. ಮೂರು, ಅಂಗಡಿಯನ್ನು ಮಾರದೆ ನಡೆಸಲು ಬೇರೆಯವರಿಗೆ ಲೀಸ್‌ಗೆ ಕೊಡುವುದು. ಮೂರನೆಯದು ಕೇಳಲು ಚೆನ್ನ. ಆದರೆ ಲೈಸೆನ್ಸ್, ಬಾಡಿಗೆ ಕರಾರು, ಸಾಲ ಎಲ್ಲ ನಿಮ್ಮ ಹೆಸರಲ್ಲೇ ಉಳಿದು ಗಲ್ಲಾಪೆಟ್ಟಿಗೆ ಮಾತ್ರ ಇನ್ನೊಬ್ಬರ ಕೈಗೆ ಹೋಗುತ್ತದೆ. ನಾನಂತೂ ಯಾರಿಗೂ ಅದನ್ನು ಹೇಳುವುದಿಲ್ಲ.

ಈ ಮೂರರಿಂದಲೂ ಕಂತು 21,000ದ ಅರ್ಧಕ್ಕೆ ಇಳಿಯದಿದ್ದರೆ ಮಾರುವುದೇ ಸರಿ. ತಡ ಮಾಡಿದಷ್ಟೂ ಸ್ಟಾಕು ಖಾಲಿಯಾಗುತ್ತದೆ. ಖಾಲಿ ಶೆಲ್ಫ್ ನೋಡಿದವರು ಅರ್ಧ ಬೆಲೆ ಕೇಳುತ್ತಾರೆ.

ಹಂತ 3: ಅಂಗಡಿ ನಿಜವಾಗಿ ಯಾರದು?

ಶುರು ಮಾಡಿದವರು ನೀವೇ, ಲೈಸೆನ್ಸ್ ನಿಮ್ಮದೇ ಅಂದರೆ ಈ ಹಂತ ಬಿಟ್ಟು ಮುಂದೆ ಹೋಗಿ.

ಗಂಡ ನಡೆಸುತ್ತಿದ್ದ ಅಂಗಡಿ, ಅವರು ತೀರಿಕೊಂಡ ಮೇಲೆ ನೀವು ಮುಂದುವರಿಸಿದ್ದು ಅಂದರೆ ಸ್ವಲ್ಪ ನಿಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ತೀರಿಕೊಂಡವರ ಸ್ವಂತ ಆಸ್ತಿ ಹೆಂಡತಿ, ಮಕ್ಕಳು ಮತ್ತು ತೀರಿಕೊಂಡವರ ತಾಯಿ, ಎಲ್ಲರಿಗೂ ಸಮಪಾಲು. ಅಂದರೆ ನಿಮ್ಮ ಅತ್ತೆಯವರಿಗೂ ಪಾಲಿದೆ. ಮಾರುವ ಕರಾರಿಗೆ ಅವರ ಒಪ್ಪಿಗೆ ಸಹಿ ಬೇಕು. ಇಲ್ಲದಿದ್ದರೆ ನಾಳೆ ಮೈದುನ ಬಂದು ತಕರಾರು ತೆಗೆಯಬಹುದು. ಮಳಿಗೆಯೇ ಸ್ವಂತದ್ದಾಗಿ ಅದರಲ್ಲಿ ಮೈನರ್ ಮಕ್ಕಳ ಪಾಲಿದ್ದರೆ ಜಿಲ್ಲಾ ನ್ಯಾಯಾಲಯದ ಅನುಮತಿ ಇಲ್ಲದೆ ಅವರ ಪಾಲು ಮಾರುವಂತಿಲ್ಲ. ಮಾರಿದರೂ ಮಕ್ಕಳು ದೊಡ್ಡವರಾದ ಮೇಲೆ ಅದನ್ನು ಪ್ರಶ್ನಿಸಬಹುದು. ವಿಷಯ ತಿಳಿದ ಯಾವ ಕೊಳ್ಳುವ ಪಾರ್ಟಿಯೂ ಅಂಥ ಜಾಗಕ್ಕೆ ಪೂರ್ತಿ ಬೆಲೆ ಕೊಡುವುದಿಲ್ಲ.

ಇದರ ಇನ್ನೊಂದು ಮುಖ ನಿಮಗೆ ಅನುಕೂಲದ್ದು. ತೀರಿಕೊಂಡವರ ಸಾಲಕ್ಕೆ ವಾರಸುದಾರರು ಜವಾಬ್ದಾರರಾಗುವುದು ಅವರಿಂದ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನೀವು ಸಹಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿಲ್ಲ ಅಂದರೆ ಅವರ ಕೈಸಾಲವನ್ನು ನಿಮ್ಮ ದುಡಿಮೆಯಿಂದ ತೀರಿಸಬೇಕು ಅಂತ ಯಾರೂ ಒತ್ತಾಯಿಸುವಂತಿಲ್ಲ. ತಿಥಿ ಊಟ ಮುಗಿದ ವಾರದಲ್ಲೇ ಬಂದು ‘ನಿಮ್ಮ ಯಜಮಾನರು ಇಸಿದುಕೊಂಡಿದ್ದರು’ ಅನ್ನುವವರಿಗೆ ಕಾಗದ ತೋರಿಸಿ ಅನ್ನಿ. ಹೊಸ ಪ್ರೋನೋಟಿಗೆ ಸಹಿ ಹಾಕಬೇಡಿ. ಹಾಕಿದ ಕ್ಷಣ ಅದು ನಿಮ್ಮ ಸ್ವಂತ ಸಾಲ. ಹಾಗೇ ತೀರಿಕೊಂಡವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ 436 ರೂಪಾಯಿ ಕಡಿತ ಇದೆಯಾ ನೋಡಿ. ಇದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ, 2 ಲಕ್ಷದ್ದು. ಸಾಲದ ಜೊತೆ ವಿಮೆ ಮಾಡಿಸಿದ್ದರಾ ಅಂತಲೂ ಬ್ಯಾಂಕಿನಲ್ಲಿ ಕೇಳಿ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿನ ಹಕ್ಕಿದೆ. ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಹಂತ 4: ಬೆಲೆ ಕಟ್ಟುವುದು

ಬಾಡಿಗೆ ಮಳಿಗೆಯ ಅಂಗಡಿಗೆ ಬೆಲೆ ನಾಲ್ಕು ತುಂಡು: ಸಾಮಗ್ರಿ, ಸ್ಟಾಕು, ಅಡ್ವಾನ್ಸು, ಗುಡ್‌ವಿಲ್.

ಸಾಮಗ್ರಿಗೆ ನೀವು ಕೊಟ್ಟ ಬೆಲೆ ಯಾರಿಗೂ ಬೇಡ. ಸೆಕೆಂಡ್ ಹ್ಯಾಂಡ್ ಹೋಟೆಲ್ ಸಾಮಾನು ಮಾರುವ ಅಂಗಡಿಗೆ ಹೋಗಿ ಅದೇ ಡಿಸ್‌ಪ್ಲೇ ಫ್ರಿಜ್ಜು, ಅದೇ ಗ್ರೈಂಡರ್ ಎಷ್ಟಕ್ಕೆ ಮಾರುತ್ತಿದ್ದಾರೆ ಕೇಳಿ. ಅದೇ ನಿಮ್ಮ ಬೆಲೆ. ಸ್ಟಾಕಿಗೆ ಕೊಂಡ ಬೆಲೆ. ಎಕ್ಸ್‌ಪೈರಿ ಹತ್ತಿರ ಬಂದದ್ದನ್ನು ಮೊದಲೇ ಬೇರೆ ಇಡಿ, ಅದನ್ನು ಸೇರಿಸಿ ಎಣಿಸಿದರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಅಡ್ವಾನ್ಸು ಅಂದರೆ ಮಳಿಗೆ ಮಾಲೀಕರ ಹತ್ತಿರ ಇರುವ ನಿಮ್ಮ ದುಡ್ಡು. ಅದರಲ್ಲಿ ಚೌಕಾಸಿ ಇಲ್ಲ.

ಗುಡ್‌ವಿಲ್ ಅಂದರೆ ಅಂಗಡಿಯ ಹೆಸರಿಗೆ, ಕಾಯಂ ಗಿರಾಕಿಗಳಿಗೆ ಕಟ್ಟುವ ಬೆಲೆ. ಎಲ್ಲ ಜಗಳ ಇದರಲ್ಲೇ. ಕೈಗೆ ಉಳಿಯುವ ಲಾಭದ ಆರರಿಂದ ಹನ್ನೆರಡು ತಿಂಗಳ ಮೊತ್ತ ಕೇಳಿದರೆ ಸಮರ್ಥಿಸಿಕೊಳ್ಳಬಹುದು ಅನ್ನುವುದು ನನ್ನ ಅನುಭವ. ಅದಕ್ಕಿಂತ ಜಾಸ್ತಿ ಕೇಳಬೇಕಾದರೆ ಕಾಲೇಜಿನ ಎದುರು, ಬಸ್‌ಸ್ಟ್ಯಾಂಡಿನ ಪಕ್ಕ ಅನ್ನುವಂಥ ಜಾಗ ಇರಬೇಕು. ಲಾಭ ಸಾಬೀತು ಮಾಡಲು ಒಂದು ವರ್ಷದ ಯುಪಿಐ ಸ್ಟೇಟ್‌ಮೆಂಟ್, ಹೋಲ್‌ಸೇಲ್ ಬಿಲ್ಲು, ಕರೆಂಟ್ ಬಿಲ್ಲು ಜೋಡಿಸಿಡಿ. ಬಾಯಿಮಾತಿನ ‘ದಿನಕ್ಕೆ ಆರು ಸಾವಿರ ಆಗುತ್ತೆ’ ಯಾರೂ ನಂಬುವುದಿಲ್ಲ.

ನಮ್ಮ ಉದಾಹರಣೆಯಲ್ಲಿ ಸಾಮಗ್ರಿ 1,60,000, ಸ್ಟಾಕು 90,000, ಅಡ್ವಾನ್ಸು 1,40,000, ಎಂಟು ತಿಂಗಳ ಲಾಭದಂತೆ ಗುಡ್‌ವಿಲ್ 1,68,000. ಹೇಳುವ ಬೆಲೆ 5,58,000. ಚೌಕಾಸಿ ಆಗಿ ಸಾಮಗ್ರಿ 1,40,000ಕ್ಕೆ, ಸ್ಟಾಕು 80,000ಕ್ಕೆ, ಗುಡ್‌ವಿಲ್ 1,30,000ಕ್ಕೆ ಇಳಿದು 4,90,000ಕ್ಕೆ ನಿಲ್ಲುತ್ತದೆ ಅಂದುಕೊಳ್ಳಿ. ಸಾಲ 7,35,000. ಅಂದರೆ ಮಾರಿದರೂ ಪೂರ್ತಿ ತೀರುವುದಿಲ್ಲ. ಇದು ಮೊದಲೇ ಗೊತ್ತಿದ್ದರೆ ಹಂತ 8ರಲ್ಲಿ ಬುದ್ಧಿ ಕೆಲಸ ಮಾಡುತ್ತದೆ.

ಹಂತ 5: ಬ್ಯಾಂಕು ಮತ್ತು ಮಳಿಗೆ ಮಾಲೀಕರು

ಇವರಿಬ್ಬರ ಹತ್ತಿರ ಮಾತಾಡದೆ ಕೊಳ್ಳುವವರಿಂದ ಟೋಕನ್ ದುಡ್ಡು ತಗೊಳ್ಳಬೇಡಿ.

ಮುದ್ರಾ ಸಾಲಕ್ಕೆ ಮನೆ, ಜಮೀನು ಅಡ ಇಡುವುದಿಲ್ಲ ನಿಜ. ಆದರೆ ಸಾಲದ ದುಡ್ಡಲ್ಲಿ ಕೊಂಡ ಯಂತ್ರ, ಅಂಗಡಿಯ ಸ್ಟಾಕು ಸಾಮಾನ್ಯವಾಗಿ ಬ್ಯಾಂಕಿಗೆ ಹೈಪಾಥಿಕೇಶನ್ ಆಗಿರುತ್ತದೆ. ಸಾಮಾನು ನಿಮ್ಮ ಅಂಗಡಿಯಲ್ಲೇ ಇದ್ದರೂ ಅದರ ಮೇಲೆ ಬ್ಯಾಂಕಿನ ಹಕ್ಕಿದೆ ಅಂತ ಅರ್ಥ. ದಿನದ ವ್ಯಾಪಾರ ಮಾಡಬಹುದು, ಇಡೀ ಅಂಗಡಿ ಮಾರಲು ಬ್ಯಾಂಕಿನ ಒಪ್ಪಿಗೆ ಬೇಕು. ಕೇಳದೆ ಮಾರಿದರೆ ಪೊಲೀಸ್ ದೂರಿನವರೆಗೂ ಹೋಗಬಹುದು. ‘ಮುದ್ರಾಕ್ಕೆ ಸರ್ಕಾರದ ಗ್ಯಾರಂಟಿ ಇದೆ, ಕಟ್ಟದಿದ್ದರೂ ನಡೆಯುತ್ತೆ’ ಅಂತ ಒಂದು ಮಾತು ಓಡಾಡುತ್ತಿದೆ. ಆ ಗ್ಯಾರಂಟಿ ಬ್ಯಾಂಕಿಗೆ, ನಿಮಗಲ್ಲ.

ಬ್ಯಾಂಕಿಗೆ ಹೀಗೆ ಒಂದು ಪತ್ರ ಕೊಡಿ: ‘ಅಂಗಡಿ ಮಾರಿ ಸಾಲ ಪೂರ್ತಿ ಕಟ್ಟುತ್ತೇನೆ. ಇಂಥ ದಿನಾಂಕದವರೆಗೆ ಒಟ್ಟು ಎಷ್ಟು ಕಟ್ಟಬೇಕು ತಿಳಿಸಿ. ಕಟ್ಟಿದ ಮೇಲೆ ಎನ್‌ಒಸಿ ಕೊಡಿ.’ ಎನ್‌ಒಸಿ ಅಂದರೆ ಬ್ಯಾಂಕಿನ ತಕರಾರು ಏನೂ ಇಲ್ಲ ಅನ್ನುವ ಪತ್ರ. ಬ್ಯಾಂಕಿನಿಂದ ಬರುವ ಮೊತ್ತದ ಉತ್ತರಕ್ಕೆ ಫೋರ್‌ಕ್ಲೋಸರ್ ಲೆಟರ್ ಅನ್ನುತ್ತಾರೆ. ಅದರಲ್ಲಿ ಅವಧಿಗೆ ಮುಂಚೆ ಕಟ್ಟಿದ್ದಕ್ಕೆ ದಂಡ ಹಾಕಿದ್ದಾರಾ ನೋಡಿ. 2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ, ಬದಲಾಗುವ ಬಡ್ಡಿ ದರದ ಸಾಲಗಳಲ್ಲಿ ವಾಣಿಜ್ಯ ಬ್ಯಾಂಕುಗಳು ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಈ ದಂಡ ಹಾಕುವಂತಿಲ್ಲ ಅಂತ ಆರ್‌ಬಿಐ ಹೇಳಿದೆ. ಹಳೇ ಸಾಲವಾದರೆ ನಿಮ್ಮ ಕರಾರಿನಲ್ಲಿ ಇದ್ದಂತೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಈ ದಂಡ ಇಲ್ಲವೇ ಇಲ್ಲ.

ಮಳಿಗೆ ಮಾಲೀಕರ ವಿಷಯ ಇನ್ನೂ ನಾಜೂಕು. ಬಹುಪಾಲು ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು, ಬೇರೆಯವರಿಗೆ ವಹಿಸುವಂತಿಲ್ಲ ಅನ್ನುವ ಷರತ್ತು ಅದರಲ್ಲೇ ಇರುತ್ತದೆ. ಹೊಸಬರಿಗೆ ಅದೇ ಬಾಡಿಗೆಗೆ ಕರಾರು ಮಾಡಿಕೊಡುತ್ತೀರಾ, ಏರಿಸಿದರೆ ಎಷ್ಟು, ಅಡ್ವಾನ್ಸನ್ನು ನನಗೇ ವಾಪಸ್ ಕೊಡುತ್ತೀರಾ ಇಲ್ಲ ಹೊಸಬರು ನನಗೆ ಕೊಟ್ಟು ನಿಮ್ಮ ಪುಸ್ತಕದಲ್ಲಿ ಹೆಸರು ಬದಲಾಗಲಾ, ಪೇಂಟಿಂಗಿಗೆ ಎಷ್ಟು ಹಿಡಿಯುತ್ತೀರಿ? ಇಷ್ಟನ್ನೂ ಕೇಳಿ, ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ತಗೊಳ್ಳಿ. ವಾಟ್ಸಾಪ್ ಮೆಸೇಜಾದರೂ ಇರಲಿ. ಮಾಲೀಕರು ಒಪ್ಪದಿದ್ದರೆ ನಿಮ್ಮ ಗುಡ್‌ವಿಲ್‌ಗೆ ಬೆಲೆಯೇ ಇಲ್ಲ.

ಹಂತ 6: ಪಾರ್ಟಿ ಹುಡುಕುವುದು

ನಿಮ್ಮ ಅಂಗಡಿಯ ನಿಜವಾದ ಬೆಲೆ ಗೊತ್ತಿರುವವರು ಹತ್ತಿರದಲ್ಲೇ ಇರುತ್ತಾರೆ. ವರ್ಷಗಟ್ಟಲೆ ನಿಮ್ಮ ಜೊತೆ ಕೆಲಸ ಮಾಡಿದ ಹುಡುಗ, ಪಕ್ಕದ ಬೇಕರಿಯವರು, ಮಾಲು ಹಾಕುವ ಲೈನ್ ಸೇಲ್ಸ್‌ನವರು. ಸೇಲ್ಸ್‌ನವರಿಗೆ ಊರಲ್ಲಿ ಯಾರು ಅಂಗಡಿ ಹುಡುಕುತ್ತಿದ್ದಾರೆ ಅಂತ ಗೊತ್ತಿರುತ್ತದೆ. ಆದರೆ ಅವರಿಗೆ ಹೇಳುವುದು ಕೊನೆಯಲ್ಲಿ. ಮಾರುತ್ತೀರಿ ಅಂತ ಸುದ್ದಿ ಹಬ್ಬಿದ ಮರುದಿನವೇ ಹೋಲ್‌ಸೇಲಿನವರು ಉದ್ರಿ ನಿಲ್ಲಿಸುತ್ತಾರೆ. ನಿಮಗೆ ಬರಬೇಕಾದ ಉದ್ರಿಯನ್ನು ಅದಕ್ಕೂ ಮುಂಚೆ ವಸೂಲಿ ಮಾಡಿಕೊಳ್ಳಿ. ಅಂಗಡಿ ಬಿಟ್ಟ ಮೇಲೆ ಯಾರೂ ಕೊಡುವುದಿಲ್ಲ.

ಕಾಲವೂ ನೋಡಿ. ಆಷಾಢದಲ್ಲಿ ಹೊಸ ಅಂಗಡಿ ಹಿಡಿಯುವವರು ಕಡಿಮೆ, ಧನುರ್ಮಾಸದಲ್ಲೂ ಅಷ್ಟೇ. ಅಕ್ಷಯ ತೃತೀಯದ ಸುತ್ತಮುತ್ತ, ಶ್ರಾವಣ, ವಿಜಯದಶಮಿಗೆ ಮುಂಚೆ ಪಾರ್ಟಿಗಳು ಓಡಾಡುತ್ತಾರೆ. ತಿಂಡಿ ಅಂಗಡಿಯಾದರೆ ಗೌರಿ-ಗಣೇಶದ ವ್ಯಾಪಾರ ನೋಡಿದವರು ಜಾಸ್ತಿ ಚೌಕಾಸಿ ಮಾಡುವುದಿಲ್ಲ. ಜೂನ್ ತಿಂಗಳ ಸ್ಕೂಲ್ ಫೀಸಿಗೆ ಅಂತ ಮೇ ಕೊನೆಯಲ್ಲಿ ಅವಸರವಾಗಿ ಮಾರುವವರನ್ನು ನೋಡಿದ್ದೇನೆ. ಫೀಸಿಗೆ ಕಂತು ಕೇಳಿ, ಸ್ಕೂಲಿನವರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಂಗಡಿಗೆ ಎರಡು ತಿಂಗಳು ಕಾಯಿರಿ.

‘ಒಬ್ಬಳೇ ಹೆಂಗಸು, ಸಾಲ ಇದೆ, ಕೊಟ್ಟಷ್ಟಕ್ಕೆ ಬಿಡುತ್ತಾಳೆ’ ಅಂತ ಲೆಕ್ಕ ಹಾಕಿ ಬರುವವರು ಇದ್ದೇ ಇರುತ್ತಾರೆ. ಮಾತುಕತೆಗೆ ತಮ್ಮನೋ ಚಿಕ್ಕಪ್ಪನೋ ಗೆಳತಿಯೋ ಜೊತೆಗಿರಲಿ. ಯಾಕೆ ಮಾರುತ್ತಿದ್ದೀರಿ ಅಂದರೆ ‘ಮಕ್ಕಳಿಗೆ ಟೈಮ್ ಕೊಡೋಕಾಗ್ತಿಲ್ಲ’ ಅನ್ನಿ. ಸುಳ್ಳಂತೂ ಅಲ್ಲ, ಅಲ್ವಾ? ಆದರೆ ಬ್ಯಾಂಕಿನ ಹೈಪಾಥಿಕೇಶನ್ ವಿಷಯ ಮಾತ್ರ ಮುಚ್ಚಿಡಬೇಡಿ. ಕಂತುಗಳ ಒತ್ತಡ ನಿಮ್ಮ ಖಾಸಗಿ ವಿಷಯ, ಸಾಮಾನಿನ ಮೇಲಿನ ಬ್ಯಾಂಕಿನ ಹಕ್ಕು ಹಾಗಲ್ಲ.

ಹಂತ 7: ಕರಾರು

ಇ-ಸ್ಟ್ಯಾಂಪ್ ಪೇಪರಿನ ಮೇಲೆ ಕರಾರು ಇರಲಿ, ವಕೀಲರು ಓದಿರಲಿ. ಸಾಮಗ್ರಿ ಪಟ್ಟಿಯಲ್ಲಿ ‘ಫ್ರಿಜ್ಜು ಒಂದು’ ಅಂತ ಬರೆದರೆ ಸಾಲದು. ಕಂಪನಿ, ಸೀರಿಯಲ್ ನಂಬರು, ಈಗಿನ ಸ್ಥಿತಿ ಬರೆಯಿರಿ. ಹಸ್ತಾಂತರದ ದಿನಾಂಕ, ಆ ದಿನದವರೆಗಿನ ಬಾಡಿಗೆ, ಕರೆಂಟು, ಸಂಬಳ ನಿಮ್ಮದು, ಆಮೇಲಿನದು ಅವರದು ಅಂತ ಸ್ಪಷ್ಟವಾಗಿರಲಿ. ಅಂಗಡಿ ಹೆಸರು, ಆರ್ಡರ್ ಬರುವ ಫೋನ್ ನಂಬರು, ಗೂಗಲ್ ಮ್ಯಾಪಿನಲ್ಲಿರುವ ಅಂಗಡಿ ಪುಟ, ಸ್ವಿಗ್ಗಿ-ಜೊಮ್ಯಾಟೊ ಖಾತೆ, ಇವುಗಳಲ್ಲಿ ಯಾವುದು ಕೊಡುತ್ತೀರಿ, ಯಾವುದು ಇಲ್ಲ ಅಂತಲೂ ಬರೆಯಿರಿ.

ತುಂಬಾ ಎಚ್ಚರ ಬೇಕಾದ ಷರತ್ತು ಒಂದಿದೆ: ‘ಮಾರಿದವರು ಮತ್ತೆ ಇದೇ ವ್ಯಾಪಾರ ಮಾಡಬಾರದು’. ಗುಡ್‌ವಿಲ್ ಮಾರಿದವರಿಗೆ ಇಂತಿಷ್ಟು ಪ್ರದೇಶದೊಳಗೆ ಅದೇ ವ್ಯಾಪಾರ ಮಾಡದಂತೆ ಕಟ್ಟುಪಾಡು ಹಾಕಲು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಕೊಳ್ಳುವವರು ಕೇಳುವುದು ನ್ಯಾಯವೇ. ಆದರೆ ನಿಮಗೆ ಗೊತ್ತಿರುವ ಕೆಲಸ ಇದೊಂದೇ. ನಾಳೆ ಮನೆಯಲ್ಲಿ ಆರ್ಡರ್ ಮೇಲೆ ಚಕ್ಕುಲಿ ಮಾಡಿಯೇ ಮಕ್ಕಳನ್ನು ಸಾಕಬೇಕಾಗಬಹುದು. ‘ಮೈಸೂರು ನಗರದಲ್ಲಿ’ ಅಂತ ಬರೆದದ್ದನ್ನು ‘ಈ ಮಳಿಗೆಯಿಂದ ಒಂದು ಕಿಲೋಮೀಟರ್ ಒಳಗೆ, ಎರಡು ವರ್ಷ, ಅಂಗಡಿ ತೆರೆಯಬಾರದು’ ಅಂತ ತಿದ್ದಿಸಿ. ‘ಮನೆಯಿಂದ ಮಾಡುವ ಆರ್ಡರ್, ಮದುವೆ ಆರ್ಡರ್ ಮತ್ತು ಬೇರೆಯವರ ಬಳಿ ಸಂಬಳದ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ’ ಅಂತ ಒಂದು ಸಾಲು ಸೇರಿಸಿ. ಸಾರಿನ ಪುಡಿಯ ಅಳತೆ ಕಲಿಸಿಕೊಡಿ ಅಂದರೆ ಅದಕ್ಕೆ ಬೇರೆ ಬೆಲೆ. ಗುಡ್‌ವಿಲ್‌ನಲ್ಲಿ ಸುಮ್ನೆ ಸೇರಿಸಿ ಕೊಡಬೇಡಿ. ಬೆಲೆಯಲ್ಲಿ ಹತ್ತು ಸಾವಿರ ಬಿಟ್ಟರೂ ಪರವಾಗಿಲ್ಲ, ಈ ಷರತ್ತಿನಲ್ಲಿ ಮಾತ್ರ ಬಿಡಬೇಡಿ.

ಕೆಲಸದವರನ್ನು ಮುಂದುವರಿಸುತ್ತಾರಾ ಕೇಳಿ. ಏನೇ ಆಗಲಿ, ನಿಮ್ಮ ಕಾಲದ ಸಂಬಳ ಬಾಕಿ ಇಡದೆ ಕೊಟ್ಟು ಸಹಿ ತಗೊಳ್ಳಿ.

ಹಂತ 8: ದುಡ್ಡು ಬರುವ ದಿನ, ದುಡ್ಡು ಹೋಗುವ ಕ್ರಮ

ಕೊಳ್ಳುವವರು ‘ಅರ್ಧ ಈಗ, ಉಳಿದದ್ದು ವ್ಯಾಪಾರ ನೋಡಿಕೊಂಡು ತಿಂಗಳು ತಿಂಗಳು’ ಅಂದರೆ ಬೇಡ ಅನ್ನಿ. ಅವರ ವ್ಯಾಪಾರದ ನಷ್ಟ ನಿಮ್ಮ ತಲೆಗೆ ಬರುತ್ತದೆ. ತೀರಾ ಅನಿವಾರ್ಯವಾದರೆ ಗುಡ್‌ವಿಲ್‌ನ ಅರ್ಧದಷ್ಟನ್ನು ಮಾತ್ರ, ಚೆಕ್ಕು ಮತ್ತು ಜಾಮೀನಿನ ಮೇಲೆ, ಎರಡು ತಿಂಗಳಿಗೆ ಬಿಡಬಹುದು. ಬೀಗದ ಕೈ ಕೊಡುವುದು ನಿಮ್ಮ ಖಾತೆಗೆ ದುಡ್ಡು ಬಂದದ್ದನ್ನು ಬ್ಯಾಂಕಿನ ಆ್ಯಪಿನಲ್ಲಿ ನೀವೇ ನೋಡಿದ ಮೇಲೆ. ಅವರು ತೋರಿಸುವ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ.

ನಗದು ಬೇಡ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಆದಾಯ ತೆರಿಗೆ ಕಾನೂನಿನಲ್ಲಿ ಅಷ್ಟೇ ಮೊತ್ತದ ದಂಡ ಇದೆ, ಅದು ಬೀಳುವುದು ಪಡೆದವರ ಮೇಲೆ. ಸಾಲ ತೀರಿಸುವಾಗಲೂ 20,000 ಅಥವಾ ಮೇಲ್ಪಟ್ಟ ಮೊತ್ತ ಬ್ಯಾಂಕಿನ ಮೂಲಕವೇ ಹೋಗಬೇಕು. ಕೈಸಾಲದವರು ‘ಕ್ಯಾಶೇ ಕೊಡಿ’ ಅಂದರೆ ಒಪ್ಪಬೇಡಿ. ಕೊಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಈಗ 4,90,000 ಹೇಗೆ ಹಂಚಬೇಕು?

ಮೊದಲು ಮುದ್ರಾ, 2,80,000. ಅದು ತೀರದೆ ಸಾಮಾನು ಕೈಬದಲಾಗುವಂತಿಲ್ಲ. ಈ ಮೊತ್ತವನ್ನು ಕೊಳ್ಳುವವರೇ ನೇರವಾಗಿ ನಿಮ್ಮ ಸಾಲದ ಖಾತೆಗೆ ಆರ್‌ಟಿಜಿಎಸ್ ಮಾಡಲಿ ಅಂತ ಕರಾರಿನಲ್ಲೇ ಬರೆಸಿ. ಅವರಿಗೂ ಧೈರ್ಯ, ನಿಮಗೂ ದುಡ್ಡು ಬೇರೆ ಕಡೆ ಹರಿಯುವ ಭಯ ಇಲ್ಲ.

ಆಮೇಲೆ ಮನೆಗೆ 60,000. ಹೌದು, ಕೈಸಾಲಕ್ಕಿಂತ ಮುಂಚೆ. ಹೊಸ ಸಂಬಳ ಶುರುವಾಗುವವರೆಗೆ ಮೂರ್ನಾಲ್ಕು ತಿಂಗಳ ಅಕ್ಕಿ, ಬಾಡಿಗೆ, ಸ್ಕೂಲ್ ಫೀಸು ಇದರಲ್ಲಿ ಸಾಗಬೇಕು. ಇದನ್ನು ಇಡದವರು ಎರಡನೇ ತಿಂಗಳಿಗೇ ಮತ್ತೆ ನೂರಕ್ಕೆ ಐದರ ಬಡ್ಡಿಗೆ ಕೈಚಾಚುತ್ತಾರೆ. ಮಗಳ ಸುಕನ್ಯಾ ಸಮೃದ್ಧಿ ಖಾತೆ ಮುರಿಯುವ ಯೋಚನೆ ಬಿಡಿ. ನಿಯಮವೂ ಸುಲಭಕ್ಕೆ ಬಿಡುವುದಿಲ್ಲ.

ಉಳಿದ 1,50,000 ಕೈಸಾಲಕ್ಕೆ. ಬಡ್ಡಿ ಅತಿ ಹೆಚ್ಚಿರುವುದು ಇಲ್ಲಿ. ಕೊಡುವ ಮೊದಲು ಕೂತು ಮಾತಾಡಿ. ಎರಡು ವರ್ಷ ಕಟ್ಟಿದ್ದರೆ ಬಡ್ಡಿಯೇ 1,08,000 ಹೋಗಿದೆ. ಕರ್ನಾಟಕದಲ್ಲಿ ಲೇವಾದೇವಿದಾರರಿಗೆ ಇರುವ ಮಿತಿ ವರ್ಷಕ್ಕೆ ಅಡಮಾನದ ಸಾಲಕ್ಕೆ ಶೇ. 14, ಅಡಮಾನ ಇಲ್ಲದ್ದಕ್ಕೆ ಶೇ. 16. ನೂರಕ್ಕೆ ಮೂರು ಅಂದರೆ ವರ್ಷಕ್ಕೆ ಶೇ. 36. ಜಗಳಕ್ಕೆ ಇಳಿಯದೆ, ‘ಪೂರ್ತಿ ಒಂದೇ ಸಲ ಕೊಡುತ್ತೇನೆ, ಅಸಲಿನಲ್ಲಿ ಎಷ್ಟು ಬಿಡುತ್ತೀರಿ’ ಅಂತ ಕೇಳಿ. ಒಂದೇ ಸಲ ಬರುವ ದುಡ್ಡಿಗೆ ಬಹಳ ಜನ ಇಳಿಯುತ್ತಾರೆ. ದುಡ್ಡು ಹೋಗುವ ಹೊತ್ತಿಗೆ ಪಟ್ಟಿಯಲ್ಲಿ ಬರೆದ ಅದೇ ನಂಬರಿನ ಚೆಕ್ಕು, ಪ್ರೋನೋಟು ನಿಮ್ಮ ಕೈಗೆ ಬರಬೇಕು. ‘ಎಲ್ಲೋ ಇಟ್ಟಿದ್ದೀನಿ, ಆಮೇಲೆ ಕೊಡ್ತೀನಿ’ ಅಂದರೆ ದುಡ್ಡೂ ಆಮೇಲೆ. ನಿಜವಾಗಿಯೂ ಕಳೆದಿದ್ದರೆ ಹಾಗಂತ ಬರೆಸಿ, ಪೂರ್ತಿ ಸಂದಾಯವಾಗಿದೆ ಅಂತ ಸಹಿ ಹಾಕಿಸಿಕೊಂಡು, ಬ್ಯಾಂಕಿನಲ್ಲಿ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಡಿ.

ಒಡವೆ ಸಾಲವನ್ನು ಒಡವೆಯೇ ತೀರಿಸಲಿ. ಬಿಡಿಸಿ ಮಾರಿ ಮಿಕ್ಕದ್ದರಲ್ಲಿ ಮೊದಲು ಗುಂಪಿನ 45,000 ಕಟ್ಟಿ. ನೀವು ಕಟ್ಟದಿದ್ದರೆ ಒತ್ತಡ ಬೀಳುವುದು ನಿಮ್ಮ ಹಾಗೇ ಕಷ್ಟದಲ್ಲಿರುವ ಪಕ್ಕದ ಬೀದಿಯ ಹೆಂಗಸರ ಮೇಲೆ.

ಉಳಿಯುವುದು ಚೀಟಿ 80,000, ಹೋಲ್‌ಸೇಲ್ 60,000. ಎರಡಕ್ಕೂ ಹೊಸ ಬಡ್ಡಿ ಇಲ್ಲ. ಹೋಲ್‌ಸೇಲಿನವರು ಮಾರಾಟವಾಗದ ಪ್ಯಾಕೆಟ್ ಮಾಲು ವಾಪಸ್ ತಗೊಂಡು ಬಾಕಿ ಇಳಿಸುವುದುಂಟು. ಉಳಿದದ್ದಕ್ಕೆ ತಿಂಗಳಿಗೆ ಇಷ್ಟು ಅಂತ ಬರೆದುಕೊಡಿ. ಚೀಟಿಗೆ ಜಾಮೀನು ನಿಂತವರಿಗೆ ಮುಂಚೆಯೇ ಪರಿಸ್ಥಿತಿ ಹೇಳಿ. 7,35,000ದ ಹೊರೆ ಬಡ್ಡಿಯಿಲ್ಲದ 1,40,000ಕ್ಕೆ ಬಂದು ನಿಂತಿತು ಅಂದರೆ ಮಾರಿದ್ದು ಸಾರ್ಥಕ.

ಬ್ಯಾಂಕು ಒಂದು ಮೊತ್ತಕ್ಕೆ ಸೆಟಲ್ ಮಾಡುತ್ತೇವೆ ಅಂದರೆ ಒಂದು ತಿಳಿದಿರಿ: ಕ್ರೆಡಿಟ್ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಅಂತ ಬರುತ್ತದೆ. ಮುಂದೆ ಮಗನ ಓದಿಗೆ ಸಾಲ ಕೇಳುವಾಗ ಅದು ಅಡ್ಡ ಬರಬಹುದು. ಬೇರೆ ದಾರಿ ಇಲ್ಲದಾಗ ಮಾತ್ರ ಒಪ್ಪಿ.

ಹಂತ 9: ಕಾಗದ ಪತ್ರ, ತೆರಿಗೆ, ಕ್ಯುಆರ್ ಕೋಡ್

ಹಸ್ತಾಂತರದ ದಿನ ಮೊದಲ ಕೆಲಸ, ಗಾಜಿಗೆ ಅಂಟಿಸಿದ ನಿಮ್ಮ ಕ್ಯುಆರ್ ಕೋಡ್ ಕೆರೆದು ತೆಗೆಯುವುದು. ‘ಇಷ್ಟು ರೂಪಾಯಿ ಬಂದಿದೆ’ ಅಂತ ಕೂಗುವ ಆ ಪೆಟ್ಟಿಗೆಯನ್ನೂ ಕಂಪನಿಗೆ ವಾಪಸ್ ಮಾಡಿ. ‘ಹದಿನೈದು ದಿನ ನಿಮ್ಮದರಲ್ಲೇ ನಡೆಯಲಿ ಅಕ್ಕಾ, ಸಂಜೆ ಲೆಕ್ಕ ಮಾಡೋಣ’ ಅನ್ನುತ್ತಾರೆ. ಬೇಡ. ಅವರ ವ್ಯಾಪಾರ ನಿಮ್ಮ ಪ್ಯಾನ್ ನಂಬರಿನಲ್ಲಿ ಲೆಕ್ಕವಾಗುತ್ತದೆ. 2025ರ ಜುಲೈ ಸುಮಾರಿಗೆ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ಇದೇ ಯುಪಿಐ ಮೊತ್ತ ನೋಡಿಕೊಂಡು.

ಜಿಎಸ್‌ಟಿ ನೋಂದಣಿ ಇದ್ದರೆ, ನಡೆಯುತ್ತಿರುವ ಅಂಗಡಿಯನ್ನು ಇಡಿಯಾಗಿ ಮಾರುವುದಕ್ಕೆ ಜಿಎಸ್‌ಟಿ ಇಲ್ಲ. ಬಿಡಿಬಿಡಿಯಾಗಿ ಫ್ರಿಜ್ಜು ಒಬ್ಬರಿಗೆ, ಸ್ಟಾಕು ಇನ್ನೊಬ್ಬರಿಗೆ ಮಾರಿದರೆ ಇದೆ. ಮಾರಾಟದ ದಿನದವರೆಗಿನ ಬಾಕಿ ತೆರಿಗೆಗೆ ಮಾರಿದವರೂ ಕೊಂಡವರೂ ಇಬ್ಬರೂ ಹೊಣೆ, ಹಾಗಾಗಿ ಅವರು ರಿಟರ್ನ್ ತೋರಿಸಿ ಅಂದರೆ ಬೇಸರ ಪಡಬೇಡಿ. ನೋಂದಣಿ ರದ್ದಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10 ಸಲ್ಲಿಸಬೇಕು.

ಆದಾಯ ತೆರಿಗೆಯಲ್ಲಿ ಒಂದು ಕಹಿ ವಿಷಯ. ಮಾರಿದ ದುಡ್ಡೆಲ್ಲ ಸಾಲಕ್ಕೇ ಹೋಯಿತು, ನನ್ನ ಕೈಗೇನೂ ಬಂದಿಲ್ಲ ಅಂದರೆ ಇಲಾಖೆ ಕೇಳುವುದಿಲ್ಲ. ಅಸಲು ತೀರಿಸಿದ್ದು ಖರ್ಚಲ್ಲ. ನೀವೇ ಬೆಳೆಸಿದ ಗುಡ್‌ವಿಲ್‌ಗೆ ಕೊಂಡ ಬೆಲೆ ಸೊನ್ನೆ, ಹಾಗಾಗಿ ಬಂದದ್ದೆಲ್ಲ ಲಾಭ ಅಂತಲೇ ಲೆಕ್ಕ. ಅಡ್ವಾನ್ಸು ಮಾತ್ರ ನಿಮ್ಮದೇ ದುಡ್ಡು ವಾಪಸ್ ಬಂದದ್ದು, ಆದಾಯವಲ್ಲ. ಅದಕ್ಕೇ ಕರಾರಿನಲ್ಲಿ ನಾಲ್ಕು ಮೊತ್ತ ಹೇಗೆ ಬರೆಯಬೇಕು ಅಂತ ಸಹಿಗೆ ಮುಂಚೆಯೇ ಒಬ್ಬ ಸಿಎ ಹತ್ತಿರ ಕೇಳಿ.

ಪಾಲಿಕೆಯ ಟ್ರೇಡ್ ಲೈಸೆನ್ಸ್, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ, ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿ, ಉದ್ಯಮ್ ನೋಂದಣಿ ಎಲ್ಲವನ್ನೂ ನಿಮ್ಮ ಹೆಸರಿನಿಂದ ರದ್ದು ಮಾಡಿಸಿ. ಹೊಸಬರು ತಮ್ಮ ಹೆಸರಲ್ಲಿ ಮಾಡಿಸಿಕೊಳ್ಳಲಿ. ನಿಮ್ಮ ಎಫ್‌ಎಸ್‌ಎಸ್‌ಎಐ ನಂಬರ್ ಇರುವ ಲೇಬಲ್ಲು ಉಳಿದಿದ್ದರೆ ಹರಿದು ಹಾಕಿ. ಅವರು ಮಾಡಿದ ತಿಂಡಿ ಕೆಟ್ಟರೆ ಹುಡುಕಿಕೊಂಡು ಬರುವುದು ನಿಮ್ಮನ್ನು. ವಾಣಿಜ್ಯ ಸಿಲಿಂಡರಿನ ಡಿಪಾಸಿಟ್ ವಾಪಸ್ ತಗೊಳ್ಳಲು ಮರೆಯಬೇಡಿ.

ಹಂತ 10: ಮಾರಿದ ನಂತರದ ತಿಂಗಳುಗಳು

ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನುವ ಪತ್ರ, ಎನ್‌ಒಸಿ ತಗೊಂಡು, ಕಂತು ತಾನಾಗೇ ಕಡಿತವಾಗುವ ಆದೇಶವನ್ನು ರದ್ದು ಮಾಡಿಸಿ. ಆಸ್ತಿ ಪತ್ರ ಅಡ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು. ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ನಿಮಗೆ ಬರಬೇಕು, ಇದು ಆರ್‌ಬಿಐ ನಿಯಮ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಇಲ್ಲದಿದ್ದರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ವಿವರಕ್ಕೆ 14448.

ಉಳಿದ ಸಾಲದ ವಸೂಲಿಗೆ ಯಾರಾದರೂ ಕಾಡಿದರೆ ಇಷ್ಟು ಗೊತ್ತಿರಲಿ. ಬ್ಯಾಂಕು, ಫೈನಾನ್ಸ್ ಕಂಪನಿಗಳ ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ಕಿರು ಸಾಲದ ವಸೂಲಿಯಲ್ಲಿ ಬಲವಂತ ತಡೆಯಲು ಕರ್ನಾಟಕ 2025ರಲ್ಲಿ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ಗಲಾಟೆ ಮಾಡಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಪೊಲೀಸ್ ಠಾಣೆಗೆ ಹೋಗಿ. ಸಾಲ ಕಟ್ಟಲಾಗದ್ದು ಅಪರಾಧವಲ್ಲ. ಚೆಕ್ ಬೌನ್ಸ್ ಮಾತ್ರ ಬೇರೆ. ಅದರ ನೋಟಿಸ್ ಬಂದರೆ ದುಡ್ಡು ಕಟ್ಟಲು 15 ದಿನದ ಗಡುವಿದೆ, ಅದೇ ದಿನ ವಕೀಲರಿಗೆ ತೋರಿಸಿ. ಇನ್ನು ಸಾಲ ಕಟ್ಟಿ ಅಂತ ಕೋರ್ಟಿನ ಡಿಕ್ರಿ ಆದರೂ ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ಧಾರ್ಮಿಕ ಪದ್ಧತಿಯಂತೆ ಹೆಣ್ಣುಮಕ್ಕಳು ಬಿಟ್ಟುಕೊಡಲಾಗದ ಆಭರಣ, ಕುಶಲಕರ್ಮಿಗಳ ಉಪಕರಣ ಜಪ್ತಿ ಮಾಡುವಂತಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್‌ನಲ್ಲಿ ಇದಿದೆ.

ಎರಡು ಮೂರು ತಿಂಗಳ ಮೇಲೆ ಕ್ರೆಡಿಟ್ ರಿಪೋರ್ಟ್ ಇನ್ನೊಮ್ಮೆ ತೆಗೆಸಿ, ತೀರಿಸಿದ ಪ್ರತಿ ಸಾಲದ ಮುಂದೆ ‘ಕ್ಲೋಸ್ಡ್’ ಅಂತ ಬಂದಿದೆಯಾ ನೋಡಿ. ಬಂದಿಲ್ಲದಿದ್ದರೆ ಎನ್‌ಒಸಿ ಜೋಡಿಸಿ ಆ ಬ್ಯೂರೋದ ವೆಬ್‌ಸೈಟಿನಲ್ಲೇ ತಕರಾರು ಹಾಕಿ. ಮಾರಾಟದ ಕರಾರು, ಎನ್‌ಒಸಿಗಳು, ವಾಪಸ್ ಬಂದ ಚೆಕ್ಕುಗಳು, ಕೈಸಾಲದವರ ರಸೀದಿ ಎಲ್ಲ ಒಂದೇ ಫೈಲಿನಲ್ಲಿರಲಿ, ಕನಿಷ್ಠ ಎಂಟು ವರ್ಷ. ಅದರದೊಂದು ಜೆರಾಕ್ಸ್ ಸೆಟ್ ತವರುಮನೆಯಲ್ಲೋ ನಂಬಿಕೆಯವರ ಹತ್ತಿರವೋ ಇಡಿ.